ನಮ್ಮ ಓಣಿ ನಕ್ಷೆಯಲ್ಲಿ ಉಂಟಾ?

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲೆ ಬಂದರ್ ಕಡೆ ರಸ್ತೆ ಅಗೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅಗೆದ ಮೇಲೆ 'ಇಲ್ಲಿ ಏನು ಬರ್ತದೆ?' ಅಂತ ಕೇಳುವ ಬದಲು, ನಮ್ಮ ಮೊಹಲ್ಲಾದ ನಕ್ಷೆಯನ್ನು ನಾವೇ ಮಾಡಿಡಬಾರದೇ?

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರೂ ಗುರುತು ಹಾಕಬಹುದು. ಮೊಬೈಲ್ ಬಿಡದ ಮಕ್ಕಳು ಮನೆಮನೆಯಲ್ಲೂ ಇದ್ದಾರಲ್ಲ! ಆದರೆ ಮಳೆನೀರಿನ ತೋಡು ಎಲ್ಲಿ ಹರೀತಿತ್ತು, ಯಾವ ಬಾವಿ ಮುಚ್ಚಿತು, ಮಯ್ಯತ್ ಹೊತ್ತೊಯ್ಯುವ ಕಾಲುದಾರಿ ಎಷ್ಟು ಅಗಲ ಇತ್ತು ಎನ್ನುವುದು ಉಪ್ಪ, ಉಮ್ಮನಿಗೇ ಗೊತ್ತು. ಅವರನ್ನು ಕೂರಿಸಿ ಕೇಳಬೇಕು. ಗೂಡಂಗಡಿ, ಬಾಡಿಗೆ ಕೋಣೆಗಳನ್ನು ಬೇರೆ ಕಾಗದದಲ್ಲಿ ಬರೆದಿಡೋಣ. ಹಕ್ಕುಪತ್ರ ಇಲ್ಲದವರೇ ಮೊದಲು ಜಾಗ ಖಾಲಿ ಮಾಡಬೇಕಾಗುವುದು.

ಮಾಸ್ಟರ್ ಪ್ಲಾನ್ ಕರಡಿಗೆ ಆಕ್ಷೇಪ ಸಲ್ಲಿಸಲು ಕಾನೂನಿನಲ್ಲಿ ಅವಕಾಶ ಉಂಟು. ಬರೀ ಬೊಬ್ಬೆ ಹಾಕಿದರೆ ಸಾಲದು, ಆ ಅರ್ಜಿಗೆ ಈ ನಕ್ಷೆಯನ್ನೂ ಲಗತ್ತಿಸೋಣ.