ಶಿಕ್ಷಣ ಮತ್ತು ತರಬೇತಿಯಲ್ಲಿ ವರ್ಧಿತ ವಾಸ್ತವ: ಮಂಜೂರಾತಿಗೆ ಮುನ್ನ ತಿಳಿದಿರಬೇಕಾದ ಅಂಶಗಳು

ಶಾಲೆ ಹಾಗೂ ಅರಿವು ಕೇಂದ್ರಗಳಿಗೆ ಡಿಜಿಟಲ್ ಉಪಕರಣಗಳನ್ನು ಒದಗಿಸುವ ಪ್ರಸ್ತಾವನೆಗಳಲ್ಲಿ ಈಚೆಗೆ ‘ಆಗ್ಮೆಂಟೆಡ್ ರಿಯಾಲಿಟಿ’, ಅಂದರೆ ವರ್ಧಿತ ವಾಸ್ತವ, ಎಂಬ ಹೆಸರು ಕೇಳಿಬರುತ್ತಿದೆ. ಸಾರ್ವಜನಿಕ ಹಣ ವಿನಿಯೋಗವಾಗುವ ವಿಷಯವಾದುದರಿಂದ ಇದರ ಸ್ವರೂಪವನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಕಣ್ಣೆದುರಿನ ನೈಜ ದೃಶ್ಯದ ಮೇಲೆ ಗಣಕೀಕೃತ ಚಿತ್ರವನ್ನು ಕೂಡಿಸಿ ತೋರಿಸುವುದೇ ಈ ತಂತ್ರಜ್ಞಾನ. ಮೊಬೈಲ್‌ನ ಕ್ಯಾಮೆರಾ ಪಠ್ಯಪುಸ್ತಕದ ಪುಟವನ್ನು ಗುರುತಿಸುತ್ತದೆ. ಅದರ ಸ್ಥಾನ ಹಾಗೂ ಕೋನವನ್ನು ತಂತ್ರಾಂಶವು ಲೆಕ್ಕ ಹಾಕುತ್ತದೆ. ಬಳಿಕ ಪರದೆಯಲ್ಲಿ ಹೃದಯದ ಮೂರು ಆಯಾಮದ ಮಾದರಿ ಪುಟದ ಮೇಲೆಯೇ ನಿಂತಂತೆ ಕಾಣುತ್ತದೆ. ಫೋನನ್ನು ಸುತ್ತ ತಿರುಗಿಸಿದರೆ ಹೃದಯದ ಹಿಂಬದಿಯೂ ಗೋಚರಿಸುತ್ತದೆ. ವರ್ಚುವಲ್ ರಿಯಾಲಿಟಿಯಲ್ಲಿ ಹೊರಗಿನ ಜಗತ್ತು ಪೂರ್ಣ ಮರೆಯಾಗುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ದೀಕ್ಷಾ ವೇದಿಕೆಯ ವಿಡಿಯೊ ತೆರೆಯುವುದು ಉಪಯುಕ್ತವೇ ಆದರೂ ಅದು ವರ್ಧಿತ ವಾಸ್ತವವಲ್ಲ. ಎರಡನ್ನೂ ಒಂದೇ ಎಂದು ಬಿಂಬಿಸಿ ದರ ನಮೂದಿಸಿದ್ದಲ್ಲಿ ಸ್ಪಷ್ಟೀಕರಣ ಕೇಳಬೇಕು.

ಈ ಹೆಸರು ಬಳಕೆಗೆ ಬಂದದ್ದು ಕಾರ್ಮಿಕರ ಕೆಲಸದ ನಿಮಿತ್ತ. 1990ರ ದಶಕದ ಆರಂಭದಲ್ಲಿ ಅಮೆರಿಕದ ಬೋಯಿಂಗ್ ವಿಮಾನ ಸಂಸ್ಥೆಯ ಸಂಶೋಧಕರಾದ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಝೆಲ್, ವಿಮಾನದ ತಂತಿಗಳನ್ನು ಜೋಡಿಸುವವರಿಗೆ ಯಾವ ತಂತಿ ಎಲ್ಲಿ ಹಾಯಬೇಕೆಂಬುದನ್ನು ಕಣ್ಣೆದುರೇ ತೋರಿಸುವ ವಿಧಾನವನ್ನು ರೂಪಿಸಿದರು. ಭಾರತದಲ್ಲಿ ಎನ್‌ಸಿಇಆರ್‌ಟಿ ತನ್ನ ಇ-ಪಾಠಶಾಲಾ ಯೋಜನೆಯಡಿ ಪಠ್ಯಪುಸ್ತಕಗಳಿಗಾಗಿ ಇಂತಹ ಆ್ಯಪ್ ಹೊರತಂದಿದೆ.

ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಜೀವಕೋಶ, ಗ್ರಹಣ, ಘನಾಕೃತಿಗಳಂತಹ ಪಾಠಗಳಿಗೆ ಇದು ನೆರವಾಗಬಲ್ಲದು. ತರಬೇತಿಯಲ್ಲಿಯೂ ಅವಕಾಶವಿದೆ: ನೀರಗಂಟಿಯೊಬ್ಬರು ಪಂಪ್‌ನ ನಿಯಂತ್ರಣ ಫಲಕದತ್ತ ಫೋನ್ ಹಿಡಿದಾಗ ಮೊದಲು ಯಾವ ಸ್ವಿಚ್ ಆರಿಸಬೇಕು, ಯಾವ ಭಾಗವನ್ನು ಮುಟ್ಟಬಾರದು ಎಂಬ ಸೂಚನೆ ಆಯಾ ಭಾಗದ ಮೇಲೆಯೇ ಮೂಡುವಂತೆ ಮಾಡಬಹುದು. ಆದರೆ ಪರದೆಯಲ್ಲಿ ಕಂಡದ್ದು ಕೈಗೆ ಬಂದ ಕಸುಬಾಗುವುದಿಲ್ಲ. ನುರಿತವರ ಮೇಲ್ವಿಚಾರಣೆಯಲ್ಲಿ ನಡೆಯುವ ಅಭ್ಯಾಸಕ್ಕೆ ಇದು ಪೂರಕವೇ ಹೊರತು ಪರ್ಯಾಯವಲ್ಲ.

ಮಿತಿಗಳೂ ಇವೆ. ಹಳೆಯ ಫೋನ್‌ಗಳಲ್ಲಿ ಇಂತಹ ಹಲವು ಆ್ಯಪ್‌ಗಳು ಕೆಲಸ ಮಾಡುವುದಿಲ್ಲ. ಮನೆಯ ಫೋನ್ ಅವಲಂಬಿಸಿ ಪಾಠ ಯೋಜಿಸಿದರೆ ಫೋನ್ ಸಿಗದ ಮಕ್ಕಳು ಹಿಂದುಳಿಯುತ್ತಾರೆ. ಶಿಕ್ಷಕರಿಗೆ ತರಬೇತಿ ನೀಡದೆ ಖರೀದಿಸಿದ ಸಾಧನ ಬೀರುವಿನಲ್ಲಿಯೇ ಉಳಿಯುತ್ತದೆ.

ಆದುದರಿಂದ ಪ್ರಸ್ತಾವನೆಯನ್ನು ಪರಿಶೀಲಿಸುವಾಗ ಸದಸ್ಯರು ಈ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ:

1. ಪಠ್ಯವಸ್ತು ಕನ್ನಡದಲ್ಲಿದ್ದು, ರಾಜ್ಯದ ಪಠ್ಯಕ್ರಮಕ್ಕೆ ಹೊಂದಿಕೆಯಾಗುವುದೇ?
2. ಅಂತರ್ಜಾಲ ಸಂಪರ್ಕವಿಲ್ಲದಿರುವಾಗಲೂ ಬಳಸಬಹುದೇ?
3. ಶಾಲೆಯಲ್ಲಿ ಈಗಾಗಲೇ ಇರುವ ಸಾಧನದಲ್ಲಿ ಉಚಿತ ಆ್ಯಪ್‌ನಿಂದ ಪ್ರಯೋಗ ನಡೆಸಲಾಗಿದೆಯೇ?
4. ದುರಸ್ತಿ, ವಾರ್ಷಿಕ ಶುಲ್ಕ ಹಾಗೂ ಶಿಕ್ಷಕರ ತರಬೇತಿಯ ವೆಚ್ಚ ಯಾರದು?
5. ಮಕ್ಕಳ ಚಿತ್ರ ಹಾಗೂ ಮಾಹಿತಿ ಎಲ್ಲಿ ಸಂಗ್ರಹವಾಗುತ್ತದೆ?

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿರಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಭಿಪ್ರಾಯ ಪಡೆದು, ಮೊದಲು ಒಂದು ಶಾಲೆಯಲ್ಲಿ ಒಂದು ಪಾಠಕ್ಕೆ ಬಳಸಿ ನೋಡುವುದು ಉತ್ತಮ. ಮಕ್ಕಳಿಗೆ ಆ ಪಾಠ ಮೊದಲಿಗಿಂತ ಚೆನ್ನಾಗಿ ಅರ್ಥವಾಯಿತೇ ಎಂಬುದನ್ನು ಮಕ್ಕಳ ಗ್ರಾಮಸಭೆಯಲ್ಲಿ ಅವರಿಂದಲೇ ಕೇಳಿ ತಿಳಿಯಬಹುದು. ಆ ಉತ್ತರವೇ ಮುಂದಿನ ಮಂಜೂರಾತಿಗೆ ಆಧಾರವಾಗಲಿ.