ಪಾಲಾರ್ ಬಂಡೆಯ ಹಳದಿ ಕೊರಳಿನ ಪಿಕಳಾರ



ತೋಟದಲ್ಲಿ ಪಿಕಳಾರವನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ತಲೆಯ ಮೇಲೆ ಕರಿಯ ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು. ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲೇ ಅದರ ಗದ್ದಲ. ಇದೇ ವಂಶದ ಇನ್ನೊಂದು ಹಕ್ಕಿಯುಂಟು. ಅದು ತೋಟದ ಕಡೆ ತಲೆ ಹಾಕುವುದಿಲ್ಲ. ಒಣ ಕಾಡಿನ ಕಲ್ಲುಗುಡ್ಡವೇ ಅದರ ಮನೆ. ಹೆಸರು ಹಳದಿ ಕೊರಳಿನ ಪಿಕಳಾರ.

ದಕ್ಷಿಣ ಭಾರತದ ಕುರುಚಲು ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಈ ಹಕ್ಕಿ ಇಲ್ಲ. ಮದರಾಸು ಸೇನೆಯಲ್ಲಿ ವೈದ್ಯರಾಗಿದ್ದ ಜೆರ್ಡನ್ ಎಂಬುವರು 1845ರಲ್ಲಿ ಇದನ್ನು ಶಾಸ್ತ್ರೀಯವಾಗಿ ಪರಿಚಯಿಸಿದರು. ಉದ್ದ ಸುಮಾರು 20 ಸೆಂಟಿಮೀಟರ್. ತಲೆ ಹಸಿರು ಬೆರೆತ ಹಳದಿ, ಕೊರಳು ಅಚ್ಚ ಹಳದಿ, ಎದೆ ಬೂದು. ಬಾಲದ ಬುಡದ ಅಡಿಯಲ್ಲಿ ಮತ್ತೆ ಹಳದಿ.

ಇದನ್ನು ನೋಡಲೆಂದು ನಾನು ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆಗೆ ಇಳಿಯುವ ರಸ್ತೆಗೆ ಹೋಗಿದ್ದೆ. ಪಾಲಾರ್ ಹಳ್ಳವು ಕಾವೇರಿಯನ್ನು ಸೇರುವ ಈ ಗಡಿಸೀಮೆಯ ಹೆಸರು ಕೇಳಿದರೆ ಹಲವರಿಗೆ ಇಂದಿಗೂ ನೆನಪಾಗುವುದು 1993ರ ನೆಲಬಾಂಬ್ ಸ್ಫೋಟ. ವೀರಪ್ಪನ್ ಸತ್ತದ್ದು 2004ರಲ್ಲಿ. 2013ರಲ್ಲಿ ಇಲ್ಲಿನ ಕಾಡು ವನ್ಯಜೀವಿ ಧಾಮವಾಯಿತು. ಆನೆ ಓಡಾಡುವ ಜಾಗವಾದ್ದರಿಂದ ರಸ್ತೆ ಬಿಟ್ಟು ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ರಸ್ತೆಯಂಚಿನಲ್ಲೇ ಕುಳಿತೆ.

ಮೊದಲ ದಿನ ಮೋಸ ಹೋದೆ. ಪೊದೆಯೊಳಗಿಂದ ಬಂದ ಗಟ್ಟಿ ದನಿಯನ್ನು ನಂಬಿ ಒಂದು ಗಂಟೆ ಕಾದರೆ ಹೊರಬಂದದ್ದು ಬಿಳಿಹುಬ್ಬಿನ ಪಿಕಳಾರ! ಇವೆರಡರ ಕೂಗಿನಲ್ಲಿ ಬಹಳ ಹೋಲಿಕೆಯಿದೆ. ಕಿವಿ ಹೇಳಿದ್ದನ್ನು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳಬೇಕೆಂಬ ಪಾಠ ಸಿಕ್ಕಿತು.

ಮರುದಿನ ಬಂಡೆಯ ಬಿರುಕಿನಲ್ಲಿ ಬೇರೂರಿ ಹಣ್ಣು ಬಿಟ್ಟಿದ್ದ ಅತ್ತಿ ಜಾತಿಯ ಮರವೊಂದನ್ನು ಕಾಯುತ್ತ ಕುಳಿತೆ. ಬಿಸಿಲೇರುವ ಮುನ್ನ ಜೋಡಿಯೊಂದು ಬಂತು. ಹಣ್ಣು ನುಂಗಿ, ಕ್ಷಣಕಾಲ ತುದಿಗೊಂಬೆಯಲ್ಲಿ ಕುಳಿತು, ಬಂಡೆಯಾಚೆ ಜಾರಿಹೋದವು. ನಾಲ್ಕು ಚಿತ್ರಗಳಲ್ಲಿ ಮೂರು ಕಪ್ಪಾಗಿದ್ದವು. ಹಿಂದಿನ ಬಂಡೆಯ ಹೊಳಪಿಗೆ ಕ್ಯಾಮೆರಾ ಮೋಸ ಹೋಗುತ್ತದೆ. ಬೆಳಕನ್ನು ತುಸು ಹೆಚ್ಚಿಗೆ ಕೊಡಬೇಕು. ಧ್ವನಿಮುದ್ರಿತ ಕೂಗನ್ನು ಹಾಕಿ ಹಕ್ಕಿಯನ್ನು ಕರೆಯುವವರೂ ಉಂಟು. ಹಾಗೆ ಮಾಡಬಾರದು. ಎದುರಾಳಿ ಬಂದನೆಂದು ಹಕ್ಕಿ ಮೇವು, ಗೂಡು ಬಿಟ್ಟು ಅಲೆಯುತ್ತದೆ.

ಇದನ್ನೆಲ್ಲ ನಮ್ಮ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಈ ಹಕ್ಕಿಯನ್ನು ಅಳಿವಿನ ಅಪಾಯವಿರುವವುಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ. ಧಾಮದೊಳಗಿನ ಗುಡ್ಡಕ್ಕೆ ಕಾನೂನಿನ ಕಾವಲಿದೆ, ಹೊರಗಿನ ಗುಡ್ಡಕ್ಕಿಲ್ಲ. ಅದನ್ನು ನಾವು ಬಂಜರು ಎನ್ನುತ್ತೇವೆ, ಕ್ವಾರಿಯವರು ಕಲ್ಲು ಎನ್ನುತ್ತಾರೆ. ಒಮ್ಮೆ ಒಡೆದ ಬಂಡೆಯನ್ನು ಕಾಫಿ ಗಿಡದಂತೆ ಮತ್ತೆ ನೆಡಲಾಗದು. ಹಕ್ಕಿ ನುಂಗಿದ ಹಣ್ಣಿನ ಬೀಜವೇ ಇನ್ನೊಂದು ಬಿರುಕಿನಲ್ಲಿ ಮರವಾಗಬೇಕು. ಆ ಬಿರುಕೇ ಇಲ್ಲದಿದ್ದರೆ?

ನಿಮ್ಮ ಜಮೀನಿನ ಹಿಂದೆ ಅಂಥದೊಂದು ಗುಡ್ಡವಿದ್ದರೆ ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳಿ. ಅಲ್ಲಿಯ ಅತ್ತಿಮರವನ್ನು ಸೌದೆಗೆ ಕಡಿಯಬೇಡಿ. ಒಂದು ಮುಂಜಾನೆ ಸುಮ್ಮನೆ ಹೋಗಿ ಕುಳಿತು ನೋಡಿ. ಹಳದಿ ಕೊರಳು ಕಂಡರೆ ನಮಗೂ ಒಂದು ಕಾಗದ ಬರೆಯಿರಿ.