ನಂಬಿಕೆಗೆ ತೆರುವ ಬೆಲೆ

ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿದು ಬದುಕುತ್ತಿದ್ದ ಸೂಸೈ ಎಂಬುವರು ಕ್ರೈಸ್ತ ನಂಬಿಕೆಗೆ ತೆತ್ತ ಬೆಲೆ ಒಂದು ಪೆಟ್ಟಿಗೆ ಅಂಗಡಿ. ಅವರಂತೆ ಬೀದಿಬದಿಯಲ್ಲಿ ದುಡಿಯುತ್ತಿದ್ದ ಚಮ್ಮಾರರಿಗೆ ಇಂತಹ ಅಂಗಡಿಗಳನ್ನು ಉಚಿತವಾಗಿ ನೀಡಲು 1982ರಲ್ಲಿ ಸರ್ಕಾರ ಆದೇಶಿಸಿತು. ಆದಿ ದ್ರಾವಿಡ ಸಮುದಾಯದಲ್ಲಿ ಹುಟ್ಟಿ ಮತಾಂತರಗೊಂಡಿದ್ದ ಸೂಸೈಗೆ ಮಾತ್ರ ಆ ಸೌಲಭ್ಯ ದೊರೆಯಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ವಜಾ ಮಾಡಿತು. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದರೆ ಸಾಲದು, ಅದರ ಸಂಕಷ್ಟ ಹೊಸ ಧರ್ಮದಲ್ಲೂ ಅಷ್ಟೇ ತೀವ್ರವಾಗಿದೆ ಎಂದು ರುಜುವಾತಾಗಬೇಕು ಎಂದಿತು.

ಇದರ ಮೂಲ 1950ರ ರಾಷ್ಟ್ರಪತಿ ಆದೇಶದ ಮೂರನೇ ಪರಿಚ್ಛೇದದಲ್ಲಿದೆ. ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಗಳಿಗೆ ಇಂತಹ ಧರ್ಮದ ನಿರ್ಬಂಧವೇ ಇಲ್ಲ. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ಇವರಿಗೆ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಸ್ಥಾನ ನೀಡಿವೆ. ಆದರೆ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರವಾಗಲಿ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಾಗಲಿ ಅದರಿಂದ ದೊರೆಯುವುದಿಲ್ಲ. ಆ ಕಾಯ್ದೆಯ ಆಶ್ರಯ ಮತಾಂತರಿತರಿಗಿಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟ್ 2025ರಲ್ಲಿ ಹೇಳಿತು.

ಕ್ರೈಸ್ತ ಧರ್ಮದಲ್ಲಿ ಜಾತಿಯೇ ಇಲ್ಲವಲ್ಲ ಎಂಬುದು ಸಾಮಾನ್ಯ ಆಕ್ಷೇಪ. ಸಿದ್ಧಾಂತದ ಮಟ್ಟದಲ್ಲಿ ಅದು ನಿಜ. ಆದರೆ ಸಿಖ್ ಮತ್ತು ಬೌದ್ಧ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಭೆಯೊಳಗೆ ಅಸ್ಪೃಶ್ಯತೆ ಇರುವುದನ್ನು ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ 2016ರ ತನ್ನ ನೀತಿ ಪತ್ರದಲ್ಲಿ ಒಪ್ಪಿಕೊಂಡಿದೆ. ಹೀಗೆ ದಲಿತ ಕ್ರೈಸ್ತ ದೇವಾಲಯದೊಳಗೆ ದಲಿತ, ಸರ್ಕಾರಿ ಕಚೇರಿಯಲ್ಲಿ ಕೇವಲ ಕ್ರೈಸ್ತ. ತಮ್ಮ ಪಾಲು ಕರಗೀತೆಂಬ ಇತರ ದಲಿತರ ಆತಂಕವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಅದಕ್ಕೆ ಪರಿಹಾರ ಮೀಸಲಾತಿಯ ಪ್ರಮಾಣದಲ್ಲಿ ಸಿಗಬೇಕೇ ಹೊರತು ಧರ್ಮಪರೀಕ್ಷೆಯಲ್ಲಲ್ಲ.

ಪರಿಶಿಷ್ಟ ಜಾತಿ ಸ್ಥಾನಮಾನವನ್ನು ಧರ್ಮದಿಂದ ಬೇರ್ಪಡಿಸಬೇಕೆಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು. ಆಯೋಗದ ಸದಸ್ಯ ಕಾರ್ಯದರ್ಶಿ ಭಿನ್ನಮತ ದಾಖಲಿಸಿದ್ದರು. ಶಿಫಾರಸು ಜಾರಿಯಾಗಲಿಲ್ಲ. ಇದೇ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅದಕ್ಕೆ ಕೊಟ್ಟಿದ್ದ ಎರಡು ವರ್ಷಗಳ ಅವಧಿ ಸಾಲದೆ ವಿಸ್ತರಣೆಯೂ ಆಯಿತು.

ಈ ನಡುವೆ ತೆರಬೇಕಾದ ದೊಡ್ಡ ಬೆಲೆ ಪ್ರಾಮಾಣಿಕತೆಯದು. ಕ್ರೈಸ್ತ ಧರ್ಮವನ್ನು ಆಚರಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದು ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಇರುವ ಕಾನೂನಿನಂತೆ ಅದು ಸಹಜ ತೀರ್ಪು. ಆದರೆ ನಿಜ ನುಡಿದವನು ಕಳೆದುಕೊಳ್ಳುವಂತೆ, ಮುಚ್ಚಿಟ್ಟವನು ಉಳಿಸಿಕೊಳ್ಳುವಂತೆ ಮಾಡುವ ಕಾನೂನಿನ ಬಗ್ಗೆ ಏನು ಹೇಳೋಣ? ನಂಬಿಕೆಗಾಗಿ ತ್ಯಾಗ ಮಾಡುವುದು ಭಕ್ತನಿಗೆ ಬಿಟ್ಟದ್ದು. ಆ ತ್ಯಾಗದ ಮೊತ್ತವನ್ನು ನಿಗದಿಪಡಿಸುವುದು ಜಾತ್ಯತೀತ ಪ್ರಭುತ್ವದ ಕೆಲಸವಲ್ಲ.